ಭೀಮೆ ಇಳಿದ ದಾರಿಯಲ್ಲಿ ಜನ ಹತ್ತಿದರು

ಭೀಮಾಶಂಕರದಲ್ಲಿ ಹುಟ್ಟುವ ಭೀಮಾನದಿ ಪುಣೆ, ಸೊಲ್ಲಾಪುರ ಜಿಲ್ಲೆಗಳನ್ನು ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದೇ ಸೀಮೆಯಿಂದ ಗುಳೆ ಹೊರಟವರು ಹೊಳೆಗೆ ಎದುರಾಗಿ ಪುಣೆಯ ಕಟ್ಟಡ ಕೆಲಸಕ್ಕೆ ಬರುತ್ತಾರೆ. ಇದಕ್ಕೆ ಬರವೇ ಕಾರಣ ಎಂಬುದು ಅರ್ಧಸತ್ಯ. ಮಳೆ ಎಲ್ಲಿ ಬಿತ್ತು ಎನ್ನುವುದಕ್ಕಿಂತ, ನೀರನ್ನು ಹಿಡಿದಿಟ್ಟು ಯಾರಿಗೆ ಕೊಟ್ಟರು ಎನ್ನುವುದೇ ಇಲ್ಲಿನ ಜನವಸತಿಯನ್ನು ರೂಪಿಸಿದೆ. ಪುಣೆ ಜಿಲ್ಲೆಯ ಮುಳಶಿಯನ್ನೇ ನೋಡಿ. ಘಟ್ಟದಂಚಿನ ಆ ಕಣಿವೆಯಲ್ಲಿ ಮಳೆಗೆ ಕೊರತೆಯಿರಲಿಲ್ಲ. ಟಾಟಾ ಕಂಪನಿಯ ಅಣೆಕಟ್ಟಿನ ವಿರುದ್ಧ 1921ರಲ್ಲಿ ಅಲ್ಲಿನ ರೈತರು ಸತ್ಯಾಗ್ರಹ ಹೂಡಿದರು; ಸೇನಾಪತಿ ಬಾಪಟರು ಮುಂದೆ ನಿಂತರು. ಆದರೂ ಹಳ್ಳಿಗಳು ಮುಳುಗಿದವು. ಭೀಮೆಗೆ ಸೇರಬೇಕಿದ್ದ ನೀರು ಪಡುವಣಕ್ಕೆ ತಿರುಗಿ ಘಟ್ಟದ ಕೆಳಗಿನ ಭಿರಾದಲ್ಲಿ ಧುಮುಕಿ ಮುಂಬಯಿಗೆ ವಿದ್ಯುತ್ತಾಯಿತು. ಇತ್ತ ಮಳೆ ಕಡಿಮೆಯಿರುವ ಬಾರಾಮತಿಗೆ 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಬಂದು, ಮುಂದೆ ಕಬ್ಬು, ಸಕ್ಕರೆ ಕಾರ್ಖಾನೆಗಳು ಬೆಳೆದವು. ಕಬ್ಬು ಕಡಿಯಲು ಪರವೂರಿನವರೇ ಬೇಕಾದರು. ಕೂಲಿಯಾಳು ಒದಗಿಸುವ ಮುಕಾದಮನ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’; ಇಬ್ಬರು ಮನುಷ್ಯರಿಗೆ ಒಂದು ಕತ್ತಿಯ ಹೆಸರು.

ಪುಣೆಯನ್ನು ಬೆಳೆಸಿದ್ದು ರೈಲು ಎನ್ನುವವರಿದ್ದಾರೆ. ಆದರೆ ಮುಂಬಯಿಯಿಂದ ಪುಣೆಗೆ ಬಂದ ಹಳಿ ಕಲಬುರಗಿ, ವಾಡಿಗಳನ್ನು ಹಾದು 1871ರಲ್ಲೇ ರಾಯಚೂರು ತಲುಪಿತ್ತು. ಸೊಲ್ಲಾಪುರಕ್ಕೆ ಬಟ್ಟೆ ಗಿರಣಿಗಳು ಬಂದವು, ನಿಜ. ಅದರಾಚೆ ಅದೇ ಹಳಿ ಜನರನ್ನು ಕರೆತಂದದ್ದಕ್ಕಿಂತ ಕರೆದೊಯ್ದದ್ದೇ ಹೆಚ್ಚು. ಸರ್ಕಾರದ ನೀತಿಯೇ ಕಾರಣ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಪುಣೆಯ ಪಕ್ಕದ ಪಿಂಪರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ನಿಂತಿತು; 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಒಪ್ಪೋಣ. ಆದರೆ ಕಾರ್ಖಾನೆಗೂ ಕಾರ್ಮಿಕನ ಮನೆಗೂ ನಲ್ಲಿ ಬೇಕು. ಆ ನೀತಿಗೆ ಜೀವ ಬಂದದ್ದು ಪವನಾ ನದಿಯ ನೀರಿನಿಂದ. ಬೆಲೆ ತೆತ್ತವರು ಅಣೆಕಟ್ಟಿರುವ ಮಾವಳ ತಾಲ್ಲೂಕಿನವರು: ಪವನಾ ಅಣೆಕಟ್ಟಿನಿಂದ ಪಿಂಪರಿ-ಚಿಂಚವಾಡಕ್ಕೆ ಹಾಕಲು ಹೊರಟ ಕೊಳವೆಮಾರ್ಗವನ್ನು ವಿರೋಧಿಸಿದ ರೈತರಲ್ಲಿ ಮೂವರು 2011ರ ಆಗಸ್ಟ್ 9ರಂದು ಪೊಲೀಸರ ಗುಂಡಿಗೆ ಬಲಿಯಾದರು. ಅದೇ ವರ್ಷದ ಜನಗಣತಿಯಲ್ಲಿ ಪಿಂಪರಿ-ಚಿಂಚವಾಡದ ಜನಸಂಖ್ಯೆ 17,27,692. ಪುಣೆ ನಗರದ್ದು 31,24,458.

ಹಾಗಾದರೆ ಮಳೆಗೆ ಬರವಿಲ್ಲದ ಕರಾವಳಿಯಿಂದ ಬಂದು ಪುಣೆಯಲ್ಲಿ ಹೋಟೆಲು ಕಟ್ಟಿದ ಶೆಟ್ಟರ ಕಥೆಯೇನು? ಇದು ವಾದವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ. ಮಳೆ ಯಾರನ್ನೂ ಊರಲ್ಲಿ ಕಟ್ಟಿಹಾಕುವುದಿಲ್ಲ, ಮುಳಶಿಯವರನ್ನೂ ಕಟ್ಟಿಹಾಕಲಿಲ್ಲ. ವ್ಯತ್ಯಾಸವಿರುವುದು ಬಂದಮೇಲೆ: ಹೋಟೆಲಿನವರು ನೆಲೆಯೂರಿ ನಗರದ ಲೆಕ್ಕಕ್ಕೆ ಸೇರಿದರು. ಯಾದಗಿರಿಯ ಗಾರೆ ಕೆಲಸದವರು ತಗಡಿನ ಶೆಡ್ಡಿನಲ್ಲಿದ್ದು, ಕಟ್ಟಡ ಮುಗಿದೊಡನೆ ಇನ್ನೊಂದು ಸೈಟಿಗೆ ಪಾತ್ರೆ-ಹಾಸಿಗೆ ಹೊತ್ತು ಹೊರಡುತ್ತಾರೆ. ಇಂಥವರು ಊರಿನವರೋ ನಗರದವರೋ ಎಂಬುದನ್ನು ಜನಸಂಖ್ಯೆಯ ನಕ್ಷೆ ಹೇಳಲಾರದು. 2011ರ ಗಣತಿದಾರರು ಮನೆಮನೆಗೆ ಹೋದದ್ದು ಫೆಬ್ರವರಿ 9ರಿಂದ 28ರವರೆಗೆ. ಗುಳೆ ಹೋದವರು ಬಿತ್ತನೆಗೆಂದು ಊರು ಸೇರುವುದು ರೋಹಿಣಿ, ಮೃಗಶಿರಾ ಮಳೆಯ ಹೊತ್ತಿಗೆ.