ಸಾಗರದ ರಕ್ತ, ಪುಣೆಯ ಪ್ರಯೋಗಾಲಯ: ಮಂಗನ ಕಾಯಿಲೆಯ ಸಂಶೋಧನೆಯಲ್ಲಿ ಹೊಣೆಯ ಪ್ರಶ್ನೆ

ಪುಣೆಯನ್ನೂ ವೈದ್ಯಕೀಯ ನೀತಿಯನ್ನೂ ಒಟ್ಟಿಗೆ ಎತ್ತಿಕೊಂಡರೆ ಚರ್ಚೆ ತಾನಾಗಿ 1897ರ ಪ್ಲೇಗಿನತ್ತ ಹೊರಳುತ್ತದೆ. ಆ ವರ್ಷದ ಮಾರ್ಚ್‌ನಲ್ಲಿ ರೋಗಿಗಳ ಆರೈಕೆಗೆ ನಿಂತಿದ್ದ ಸಾವಿತ್ರಿಬಾಯಿ ಫುಲೆ ತಾವೇ ಪ್ಲೇಗಿಗೆ ಬಲಿಯಾದರು. ಸೈನಿಕರನ್ನು ಮನೆಮನೆಗೆ ನುಗ್ಗಿಸಿ ಶೋಧ ನಡೆಸಿದ ಅಧಿಕಾರಿ ರ‍್ಯಾಂಡ್ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ. ರೋಗ ತಡೆಯುವ ಹೆಸರಿನಲ್ಲಿ ಪ್ರಭುತ್ವ ಜನರ ಮನೆಗೆ, ಮೈಗೆ ಎಷ್ಟರಮಟ್ಟಿಗೆ ಕೈಹಾಕಬಹುದು ಎಂಬುದು ಅಲ್ಲಿನ ಪ್ರಶ್ನೆ. ಅದರ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ನನ್ನ ವಿಷಯ ಅದಕ್ಕಿಂತ ಅರವತ್ತು ವರ್ಷ ಈಚಿನದು. ಬಲಾತ್ಕಾರವಿಲ್ಲದೆ, ಒಳ್ಳೆಯ ಉದ್ದೇಶದಿಂದಲೇ ನಡೆದ, ವಿಜ್ಞಾನದ ಲೆಕ್ಕದಲ್ಲಿ ಬಹುಪಾಲು ಗೆದ್ದ ಸಂಶೋಧನೆಯೊಂದರಲ್ಲೂ ಹೊಣೆ ಹೇಗೆ ಯಾರ ಪಾಲಿಗೂ ಬಾರದೆ ಉಳಿಯುತ್ತದೆ ಎಂಬುದನ್ನು ಮಂಗನ ಕಾಯಿಲೆಯ ಇತಿಹಾಸದಿಂದ ನೋಡಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದವು. ಕೀಟಗಳ ಮೂಲಕ ಹರಡುವ ವೈರಸ್‌ಗಳ ಹುಡುಕಾಟ ಪ್ರತಿಷ್ಠಾನದ ಆಸಕ್ತಿಯಾಗಿತ್ತು. ಐದು ವರ್ಷದೊಳಗೆ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಆಸುಪಾಸಿನ ಹಳ್ಳಿಗಳ ಜನ ಜ್ವರದಿಂದ ಮಲಗಿದ್ದಾರೆ ಎಂಬ ಸುದ್ದಿ ಬಂತು. ಮಂಗ ಸತ್ತು ಮನುಷ್ಯನಿಗೆ ಜ್ವರ ಬಂದದ್ದರಿಂದ ಮೊದಲ ಅನುಮಾನ ಹಳದಿ ಜ್ವರದ ಮೇಲೆ ಹೋಯಿತು. ಅದು ನಿಜವಾಗಿದ್ದರೆ ಇಡೀ ಏಷ್ಯಾವೇ ಬೆಚ್ಚಬೇಕಿತ್ತು. ಟೆಲ್ಫರ್ಡ್ ವರ್ಕ್ ನೇತೃತ್ವದ ಪುಣೆಯ ತಂಡ ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಹೊಸ ವೈರಸ್ಸನ್ನು ಬೇರ್ಪಡಿಸಿತು. ಅದು ರಷ್ಯಾದ ಉಣುಗುಜ್ವರದ ವೈರಸ್ಸಿನ ಹತ್ತಿರದ ಬಂಧು ಎಂದು ತಿಳಿಯಿತು. ಹರಡುವುದು ಉಣುಗಿನಿಂದ, ಮುಖ್ಯವಾಗಿ ಹೆಮಾಫಿಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯ ಮರಿ ಉಣುಗುಗಳಿಂದ ಎಂಬುದು ಬೇಗನೆ ಖಚಿತವಾಯಿತು. ಮಳೆ ನಿಂತ ಮೇಲೆ ಅವು ಹೆಚ್ಚುತ್ತವೆ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇ.

ಮುಂದಿನ ಒಂದೂವರೆ ದಶಕದಲ್ಲಿ ಸಾಗರದ ಕ್ಷೇತ್ರಕೇಂದ್ರದಿಂದ ನಡೆದ ಕೆಲಸ ಭಾರತದ ರೋಗ-ಪರಿಸರ ಅಧ್ಯಯನಗಳಲ್ಲಿ ಮೇಲ್ಪಂಕ್ತಿಯದು. ಹಾರೋಲ್ಡ್ ಟ್ರಾಪಿಡೋ, ಯೋರ್ಗೆ ಬೋಶೆಲ್, ಪಿ. ಕೆ. ರಾಜಗೋಪಾಲನ್ ಮುಂತಾದವರು ಉಣುಗು, ಇಲಿ, ಹಕ್ಕಿ, ದನ, ಮಂಗ ಎಲ್ಲವನ್ನೂ ಒಂದೇ ಚಿತ್ರದೊಳಗೆ ತಂದರು. ಕಾಡು ಕಡಿದು ಸಾಗುವಳಿ ಮಾಡಿದಲ್ಲಿ, ದನ ಮೇಯಲು ಹೋದಲ್ಲಿ ಉಣುಗು ಹೆಚ್ಚುತ್ತದೆ ಎಂಬ ಬೋಶೆಲ್‌ರ ವಾದ 1969ರದು. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ, ಗೇರು ನೆಡಲು ಕಾಡು ಕಡಿದ ಬೆನ್ನಿಗೇ ದೊಡ್ಡ ಹಾವಳಿ ಎದ್ದಿತು. ಆ ವಾದವನ್ನು ಅರಣ್ಯ ಆಡಳಿತ ಎಷ್ಟು ಕಿವಿಗೆ ಹಾಕಿಕೊಂಡಿತ್ತು ಎಂಬುದಕ್ಕೆ ಇಷ್ಟು ಸಾಕು.

ಇಲ್ಲಿ ಒಂದು ಹಳೆಯ ಅನುಮಾನವನ್ನೂ ಪ್ರಸ್ತಾಪಿಸಬೇಕು. ವೈರಸ್ಸು ವಲಸೆ ಹಕ್ಕಿಗಳ ಜೊತೆ ಬಂದಿರಬಹುದೇ ಎಂಬ ವೈಜ್ಞಾನಿಕ ಪ್ರಶ್ನೆ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಹಕ್ಕಿಗಳ ಅಧ್ಯಯನಕ್ಕೆ ಒಂದು ಪ್ರೇರಣೆಯಾಗಿತ್ತು. ಆ ಅಧ್ಯಯನಕ್ಕೆ ಮುಂದೆ ಅಮೆರಿಕದ ಸೇನೆಗೆ ಸೇರಿದ ಯೋಜನೆಯಿಂದ ಹಣ ಬಂತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ದೆಹಲಿಯ ಸೊಳ್ಳೆ ತಳಿ ನಿಯಂತ್ರಣ ಘಟಕವನ್ನೂ ಈ ಹಕ್ಕಿ ಅಧ್ಯಯನವನ್ನೂ ಸೇರಿಸಿಕೊಂಡು ವಿದೇಶಿ ನೆರವಿನ ಸಂಶೋಧನೆಗಳನ್ನು ಖಾರವಾಗಿ ಟೀಕಿಸಿತು. ಮಂಗನ ಕಾಯಿಲೆಯನ್ನು ಅಮೆರಿಕದವರೇ ತಂದು ಬಿಟ್ಟರು ಎಂಬ ಮಾತು ಮಲೆನಾಡಿನಲ್ಲಿ ಹುಟ್ಟಲು ಇಂಥ ವಾತಾವರಣ ಅನುಕೂಲವಾಗಿತ್ತು. ಆ ಮಾತಿಗೆ ಪುರಾವೆಯಿಲ್ಲ. ನನಗೆ ತೋರುವಂತೆ, ಅದರ ಕೇಡು ಬೇರೆ ಕಡೆ ಇದೆ: ರೋಗ ತಂದವರು ಯಾರು ಎಂದು ಹುಡುಕುವ ಭರದಲ್ಲಿ, ರೋಗದ ಬಗ್ಗೆ ಸಿಕ್ಕ ತಿಳಿವಳಿಕೆ ಯಾರ ಕೈಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಲಸಿಕೆಯ ಕಥೆಯಲ್ಲಿ ಈ ಪ್ರಶ್ನೆ ನೇರವಾಗಿ ಎದುರಾಗುತ್ತದೆ. ವೈರಸ್ಸು ರಷ್ಯಾದ್ದರ ಬಂಧುವಾದ್ದರಿಂದ ಅದರ ವಿರುದ್ಧ ಅಮೆರಿಕದಲ್ಲಿ ತಯಾರಾಗಿದ್ದ, ಇಲಿಯ ಮಿದುಳಿನಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು 1950ರ ದಶಕದ ಕೊನೆಗೆ ಶಿವಮೊಗ್ಗದ ರೋಗಪೀಡಿತ ಹಳ್ಳಿಗಳಲ್ಲಿ ಕೊಟ್ಟರು. ಅದು ರೋಗ ತಡೆಯಲಿಲ್ಲ. 1962ರ ಪ್ರಬಂಧಗಳಲ್ಲಿ ಸಂಶೋಧಕರೇ ಇದನ್ನು ಒಪ್ಪಿಕೊಂಡಿದ್ದಾರೆ. ನ್ಯೂರೆಂಬರ್ಗ್ ಸಂಹಿತೆ 1947ರಲ್ಲೇ ಬಂದಿತ್ತಾದರೂ ಹೆಲ್ಸಿಂಕಿ ಘೋಷಣೆ ಇನ್ನೂ ಬಂದಿರಲಿಲ್ಲ. ಭಾರತದ ಮಂಡಳಿಯ ಮೊದಲ ನೀತಿ ಹೇಳಿಕೆಗೆ 1980ರವರೆಗೆ ಕಾಯಬೇಕಿತ್ತು. ಆ ಕಾಲವನ್ನು ಇಂದಿನ ಅಳತೆಗೋಲಿನಿಂದ ಅಳೆದು ತೀರ್ಪು ಕೊಡುವುದು ಸುಲಭ, ಆದರೆ ಅದರಿಂದ ಕಲಿಯುವುದು ಕಡಿಮೆ. ಪುಣೆಯವರೂ ಅಪಾಯದ ಹೊರಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಈ ವೈರಸ್ಸಿನೊಡನೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೆ ಸೋಂಕು ಮತ್ತೆ ಮತ್ತೆ ತಗುಲಿತು. ಆ ಪ್ರಕರಣಗಳೇ ಪ್ರಬಂಧಗಳಾಗಿ ಪ್ರಕಟವಾಗಿವೆ. ಆದರೆ ಒಂದು ವ್ಯತ್ಯಾಸವಿತ್ತು. ಪ್ರಯೋಗಾಲಯದವನಿಗೆ ತಾನು ಮುಟ್ಟುತ್ತಿರುವುದು ಏನೆಂದು ಗೊತ್ತಿತ್ತು. ತರಗೆಲೆ ಗುಡಿಸಲು ಹೋದವಳಿಗೆ ಗೊತ್ತಿರಲಿಲ್ಲ.

1960ರ ದಶಕದ ನಡುವಿನಲ್ಲಿ ಪುಣೆಯ ವಿಜ್ಞಾನಿಗಳು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ನಮ್ಮದೇ ಲಸಿಕೆಯನ್ನು ರೂಪಿಸಿದರು. ಇದು ದೊಡ್ಡ ಸಾಧನೆ. ಬಳಿಕ ಕರ್ನಾಟಕ ಸರ್ಕಾರ ಅದನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಿಸಿ ಮಲೆನಾಡಿನಲ್ಲಿ ಹಾಕಿಸತೊಡಗಿತು. 1990ರ ದಶಕದ ಆರಂಭದ ಕ್ಷೇತ್ರ ಅಧ್ಯಯನ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಎಂದು ವರದಿ ಮಾಡಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿತ್ರ ಬೇರೆಯೇ ಆಗಿತ್ತು. ಒಂದೇ ಡೋಸಿನಿಂದ ಗಣನೀಯ ರಕ್ಷಣೆ ಕಾಣಲಿಲ್ಲ. ಎರಡು ಡೋಸಿಗೆ ಶೇ. 62.4; ಆಮೇಲೆ ಬೂಸ್ಟರ್ ಪಡೆದವರಿಗೆ ಶೇ. 82.9. ಎರಡು ಅಧ್ಯಯನಗಳ ವಿಧಾನ ಒಂದೇ ಅಲ್ಲವಾದ್ದರಿಂದ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಲಸಿಕೆ ಇಷ್ಟು ಇಳಿಯಿತು ಎಂದು ಲೆಕ್ಕ ಹಾಕುವಂತಿಲ್ಲ. ಆದರೂ ಒಂದು ತಿಂಗಳ ಅಂತರದ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರು, ಆಮೇಲೆ ಐದು ವರ್ಷ ಪ್ರತಿ ವರ್ಷ ಒಂದೊಂದು, ಇವೆಲ್ಲವನ್ನೂ ಬಿಡದೆ ಹಾಕಿಸಿಕೊಂಡರೆ ಮಾತ್ರ ಭರವಸೆ ಎಂಬುದು ಆ ವೇಳೆಗೆ ಸ್ಪಷ್ಟವಾಗಿತ್ತು. ಚುಚ್ಚಿದ ಜಾಗದಲ್ಲಿ ನೋವು ಬಲವಾಗಿತ್ತು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಆದರೂ ಅದೇ ಲಸಿಕೆ 2022ರವರೆಗೆ ನಡೆದು, ಆ ವರ್ಷ ಪರಿಣಾಮ ಸಾಲದು ಎಂದು ನಿಂತಿತು.

ಇದನ್ನು ವಂಚನೆ ಎನ್ನಲಾಗದು. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರಲಿ ಎಂಬ ವಾದದಲ್ಲಿ ಹುರುಳಿದೆ. ಶೇ. 82.9 ಚಿಕ್ಕ ಸಂಖ್ಯೆಯಲ್ಲ. ರೋಗ ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುವ, ಅದಕ್ಕೆಂದೇ ಔಷಧಿಯಿಲ್ಲದ ಕಾಯಿಲೆಯಲ್ಲಿ ಅಪೂರ್ಣ ಲಸಿಕೆಗೂ ಬೆಲೆಯಿದೆ. ನನ್ನ ತಕರಾರು ತಿಳಿಸುವಿಕೆಯ ಬಗ್ಗೆ. ಒಂದು ಡೋಸು ಪಡೆದು, ನೋವಿಗೆ ಹೆದರಿ ಎರಡನೆಯದನ್ನು ಬಿಟ್ಟು, ತನಗೆ ಇಂಜೆಕ್ಷನ್ ಆಗಿದೆ ಎಂಬ ಧೈರ್ಯದಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗುವವನು ಲಸಿಕೆಯನ್ನೇ ಪಡೆಯದವನಿಗಿಂತ ಹೆಚ್ಚು ಅಪಾಯದಲ್ಲಿರಬಹುದು. ಉಣುಗನ್ನು ದೂರವಿಡುವ ಡಿಎಂಪಿ ಎಣ್ಣೆಯನ್ನೋ, ಈಚಿನ ಡೇಪಾ ಎಣ್ಣೆಯನ್ನೋ ಕಾಲಿಗೆ ಹಚ್ಚಿಕೊಳ್ಳದೆ ಅವನು ಕಾಡಿಗೆ ಇಳಿದರೆ, ಆ ಧೈರ್ಯವೇ ಅದಕ್ಕೆ ಕಾರಣವಾಗಿರಬಹುದು. ಒಂದು ಡೋಸಿನ ಮಿತಿ ಇಂಗ್ಲಿಷ್ ನಿಯತಕಾಲಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಲಸಿಕೆ ಹಾಕಿಸಿಕೊಳ್ಳುವವನಿಗೆ ಹೇಳಬೇಕಾದ ಕೆಲಸ ಯಾರದು?

ಉತ್ತರ ಹುಡುಕಿದರೆ ನಿಯಮಗಳೇ ಜಾರಿಕೊಳ್ಳುತ್ತವೆ. ಸಂಶೋಧನೆಗೆ ನೀತಿ ಸಮಿತಿ ಬೇಕು, ತಿಳಿದು ಕೊಡುವ ಒಪ್ಪಿಗೆ ಬೇಕು. ಮಂಡಳಿಯ 2000, 2006, 2017ರ ಮಾರ್ಗಸೂಚಿಗಳು ಹೆಜ್ಜೆಹೆಜ್ಜೆಗೆ ಬಿಗಿಯಾದವು. ಆದರೆ ಲಸಿಕೆ ಪ್ರಯೋಗದ ಹಂತ ದಾಟಿ ಸಾರ್ವಜನಿಕ ಕಾರ್ಯಕ್ರಮವಾದ ದಿನದಿಂದ ಆ ನಿಯಮಗಳ ನೆರಳು ಅದರ ಮೇಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಸಾಲು ನಿಂತವರು ಸಂಶೋಧನೆಯಲ್ಲಿ ಭಾಗಿಗಳಲ್ಲ; ಅವರು ಫಲಾನುಭವಿಗಳು. ಪುಣೆ ಜ್ಞಾನ ಕೊಟ್ಟಿತು, ಹೆಬ್ಬಾಳ ತಯಾರಿಸಿತು, ಶಿವಮೊಗ್ಗ ಹಂಚಿತು. ಮೂರೂ ತಮ್ಮ ಕೆಲಸ ಮಾಡಿದವು. ಕಡಿಮೆಯಾಗುತ್ತಿದ್ದ ಭರವಸೆಯನ್ನು ಜನರಿಗೆ ಬಿಡಿಸಿ ಹೇಳುವ ಕೆಲಸ ಈ ಮೂರರಲ್ಲಿ ಯಾವುದರ ಪಟ್ಟಿಯಲ್ಲೂ ಇರಲಿಲ್ಲ.

ರಕ್ತದ ಮಾದರಿಗಳ ಹಾದಿಯಲ್ಲೂ ಇದೇ ವಿನ್ಯಾಸ ಕಾಣುತ್ತದೆ. 1978ರಲ್ಲಿ ಪುಣೆಯ ಕೇಂದ್ರ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. 2012ರ ಡಿಸೆಂಬರಿನಲ್ಲಿ ಪುಣೆಯ ಪಾಷಾಣ್ ಆವರಣದಲ್ಲಿ ನಾಲ್ಕನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಉದ್ಘಾಟನೆಗೊಂಡಿತು. ಆ ಹೊತ್ತಿಗೆ ಅಲ್ಲಿನ ತಂಡ ಪಿಸಿಆರ್ ಪರೀಕ್ಷೆಯನ್ನು ರೂಪಿಸಿದ್ದರಿಂದ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗಗಳಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಅದನ್ನು ಗುರುತಿಸಲು ಸಾಧ್ಯವಾಯಿತು. ಅಪಾಯಕಾರಿ ವೈರಸ್ಸನ್ನು ಎಲ್ಲೆಂದರಲ್ಲಿ ಬಿಚ್ಚಬಾರದು ಎಂಬುದು ಸರಿಯೇ. ಆದರೆ ಸುರಕ್ಷತೆಯ ನಿಯಮ ಬಿಗಿಯಾದಷ್ಟೂ ಜ್ಞಾನದ ಕೇಂದ್ರ ಕಾಡಿನಿಂದ ದೂರ ಸರಿಯುತ್ತದೆ. ಶಿವಮೊಗ್ಗದಲ್ಲಿ ಪ್ರತ್ಯೇಕ ಪ್ರಯೋಗಾಲಯ ಇದ್ದರೂ ಸಂಶಯದ ಮಾದರಿಗಳು ಪುಣೆಯ ದಾರಿ ಹಿಡಿಯುತ್ತಿದ್ದವು. ಔಷಧಿಯಿಲ್ಲದ ರೋಗದಲ್ಲಿ ವರದಿ ತಡವಾದರೆ ಏನಾಯಿತು ಎನ್ನಬಹುದು. ರಕ್ತಸ್ರಾವದ, ಇಳಿಯುವ ಪ್ಲೇಟ್‌ಲೆಟ್ಟಿನ, ಜ್ವರ ಇಳಿದ ಮೇಲೆ ಎರಡನೇ ಸುತ್ತಿನಲ್ಲಿ ಬರುವ ಮಿದುಳಿನ ತೊಂದರೆಯ ಮೇಲೆ ಕಣ್ಣಿಡಬೇಕಾದ ವೈದ್ಯ ಹಾಗೆನ್ನಲಾರ. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಾವಳಿ ಎದ್ದಾಗ ಅಲ್ಲಿನ ಜನರಿಗೆ ಮೊದಲು ಬೇಕಿದ್ದ ಉತ್ತರ ಇದು ಅದೇ ಕಾಯಿಲೆಯೇ ಅಲ್ಲವೇ ಎಂಬುದು.

2007ರಲ್ಲಿ ಇಂಡೊನೇಷ್ಯಾ ಹಕ್ಕಿಜ್ವರದ ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವುದನ್ನು ನಿಲ್ಲಿಸಿತ್ತು. ಮಾದರಿ ನಮ್ಮದು, ಅದರಿಂದ ತಯಾರಾಗುವ ಲಸಿಕೆ ಶ್ರೀಮಂತ ದೇಶಗಳ ಪಾಲು ಏಕೆ ಎಂಬುದು ಅದರ ವಾದ. 2011ರ ಅಂತರರಾಷ್ಟ್ರೀಯ ಒಪ್ಪಂದ ಆ ಜಗಳದ ಫಲ. ದೇಶದೇಶಗಳ ನಡುವೆ ಕೇಳಬಹುದಾದ ಈ ಪ್ರಶ್ನೆಯನ್ನು ಒಂದೇ ದೇಶದೊಳಗೆ, ಅರಳಗೋಡು ಮತ್ತು ಪುಣೆಯ ನಡುವೆ ಕೇಳಲು ನಮ್ಮಲ್ಲಿ ವೇದಿಕೆಯೇ ಇಲ್ಲ. ಇಲ್ಲಿ ಹಳ್ಳಿಯವರು ರಕ್ತವನ್ನಷ್ಟೇ ಕೊಡುವುದಿಲ್ಲ. ಸತ್ತ ಮಂಗವನ್ನು ಮೊದಲು ಕಂಡು ತಿಳಿಸುವವರೂ ಅವರೇ; ಈ ಇಡೀ ಎಚ್ಚರಿಕೆಯ ವ್ಯವಸ್ಥೆ ನಿಂತಿರುವುದೇ ಅವರ ಕಣ್ಣಿನ ಮೇಲೆ. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಗುವ ಮುಖ್ಯ ಉಪದೇಶ ಕಾಡಿಗೆ ಹೋಗಬೇಡಿ ಎಂಬುದು. 2011–12ರ ತೀರ್ಥಹಳ್ಳಿ ಹಾವಳಿಯ ಅಧ್ಯಯನ ಅಂಗಳದಲ್ಲಿ ಒಟ್ಟಿದ ಒಣ ಎಲೆಯನ್ನೂ ದನದ ಆರೈಕೆಯನ್ನೂ ಅಪಾಯದ ಪಟ್ಟಿಗೆ ಸೇರಿಸಿತು. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಕಟ್ಟಿಗೆ ಬೇಕಾದ ಮನೆಗೆ ಆ ಪಟ್ಟಿಯಲ್ಲಿ ಬದುಕಿನ ಯಾವ ಭಾಗವೂ ಹೊರಗುಳಿಯುವುದಿಲ್ಲ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಕೆಲಸ ಕೈಗೊಂಡಿದೆ. 2017ರ ಮಾರ್ಗಸೂಚಿ ಸಮುದಾಯದ ಜೊತೆ ಮಾತುಕತೆ ನಡೆಸಬೇಕು, ಪ್ರಯೋಗ ಮುಗಿದ ಮೇಲೆ ಫಲ ಭಾಗಿಗಳಿಗೂ ದೊರಕಬೇಕು ಎನ್ನುತ್ತದೆ. ಹಿಂದಿನ ಎರಡು ಲಸಿಕೆಗಳಿಗೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ಆದರೆ ಒಂದು ಗಣಿತದ ತೊಡಕಿದೆ. ವರ್ಷಕ್ಕೆ ಸರಾಸರಿ 400–500 ಪ್ರಕರಣಗಳು ಹಲವು ಜಿಲ್ಲೆಗಳಲ್ಲಿ ಚದುರಿರುವ, ಈ ವರ್ಷ ಎದ್ದ ಊರಿನಲ್ಲಿ ಮುಂದಿನ ವರ್ಷ ಮಲಗಿರುವ ಕಾಯಿಲೆಯಲ್ಲಿ, ಲಸಿಕೆ ರೋಗವನ್ನು ನಿಜವಾಗಿ ತಡೆಯುತ್ತದೆಯೇ ಎಂದು ಸಾಬೀತು ಮಾಡಲು ಅಪಾರ ಜನರನ್ನು ಅನೇಕ ವರ್ಷ ಹಿಂಬಾಲಿಸಬೇಕಾಗುತ್ತದೆ. ಅಷ್ಟು ಕಾಯದೆ ರಕ್ತದಲ್ಲಿ ಮೂಡುವ ಪ್ರತಿಕಾಯಗಳ ಲೆಕ್ಕದ ಮೇಲೆ ಪರವಾನಗಿ ಸಿಗುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ನಿಜವಾದ ಪರೀಕ್ಷೆ ಮತ್ತೆ ಕಾರ್ಯಕ್ರಮದೊಳಗೇ, ಸಾಗರ, ಸಿದ್ದಾಪುರ, ತೀರ್ಥಹಳ್ಳಿಗಳ ಆರೋಗ್ಯ ಕೇಂದ್ರಗಳ ಜಗಲಿಯಲ್ಲೇ ನಡೆಯುತ್ತದೆ. ವರ್ಷ ವರ್ಷದ ಆ ಅಂಕಿಅಂಶಗಳನ್ನು ಕನ್ನಡದಲ್ಲಿ, ಆಯಾ ಗ್ರಾಮಸಭೆಯ ಮುಂದೆ ಇಡಬೇಕೆಂಬ ಷರತ್ತನ್ನು ಪರವಾನಗಿಯಲ್ಲೇ ಬರೆಯಲು ಈಗಿನ ಕಾನೂನಿನಲ್ಲಿ ಅಡ್ಡಿಯೇನೂ ಇದ್ದಂತೆ ಕಾಣುವುದಿಲ್ಲ.