ಇಸ್ಲಾಂ ಕಾರ್ಯ ಐದು, ಈಮಾನ್ ಕಾರ್ಯ ಆರು: ಪಟ್ಟಿಗಳ ಇತಿಹಾಸ

ಇಸ್ಲಾಮನ್ನು ಹೊಸದಾಗಿ ತಿಳಿಯಹೊರಟವರಿಗೂ ಮದ್ರಸಾದ ಮೊದಲ ತರಗತಿಯ ಮಕ್ಕಳಿಗೂ ಮೊದಲು ಕಲಿಸುವ ಎರಡು ಪಟ್ಟಿಗಳಿವು. ಕಲಿಮಾ (ಸಾಕ್ಷ್ಯವಚನ), ನಮಾಝ್, ಝಕಾತ್, ರಮಝಾನಿನ ಉಪವಾಸ, ಹಜ್ ಎಂಬ ಐದು ಕರ್ಮಗಳಿಗೆ ಇಸ್ಲಾಂ ಕಾರ್ಯಗಳು ಅಥವಾ ಪಂಚಸ್ತಂಭಗಳು ಎಂದು ಹೆಸರು. ಅಲ್ಲಾಹ, ದೇವದೂತರಾದ ಮಲಕ್‌ಗಳು, ದೇವಗ್ರಂಥಗಳು, ಪ್ರವಾದಿಗಳು, ಅಂತ್ಯದಿನ, ವಿಧಿ ಈ ಆರರಲ್ಲಿಡುವ ನಂಬಿಕೆಗಳು ಈಮಾನ್ ಕಾರ್ಯಗಳು. ಈ ಎರಡು ಪಟ್ಟಿಗಳು ಕುರ್‌ಆನ್‌ನಲ್ಲಿ ಹೀಗೆಯೇ ಇವೆ ಎಂದು ಅನೇಕ ಪರಿಚಯ ಪುಸ್ತಕಗಳು ಬರೆಯುತ್ತವೆ. ಅದು ಸರಿಯಲ್ಲ. ಐದು ಕರ್ಮಗಳ ಆಧಾರವೂ ಕುರ್‌ಆನ್‌ನಲ್ಲಿದೆ, ಆದರೆ ಅವನ್ನು ಒಟ್ಟುಗೂಡಿಸಿ ಎಣಿಸಿದ ವಾಕ್ಯ ಅಲ್ಲಿಲ್ಲ. ನಾಲ್ಕನೆಯ ಅಧ್ಯಾಯದ 136ನೆಯ ಸೂಕ್ತದಲ್ಲಿ ನಂಬಿಕೆಯ ವಿಷಯಗಳು ಒಟ್ಟಿಗೆ ಬರುತ್ತವೆಯಾದರೂ ವಿಧಿ ಆ ಸಾಲಿನಲ್ಲಿಲ್ಲ. ದಿನಕ್ಕೆ ಐದು ಹೊತ್ತಿನ ನಮಾಝ್ ಎಂಬ ಸಂಖ್ಯೆಗೂ ಆಧಾರ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಮತ್ತು ಮೊದಲ ಪೀಳಿಗೆಯ ಆಚರಣೆ.

ಪ್ರವಾದಿ ಮುಹಮ್ಮದರ ಕಾಲದ ಘಟನಾಕ್ರಮ ಬಹುಮಟ್ಟಿಗೆ ಪರಿಚಿತ. ಐದು ಹೊತ್ತಿನ ನಮಾಝ್ ಮೆಕ್ಕಾದಲ್ಲಿದ್ದಾಗ ಮಿಅರಾಜ್, ಅಂದರೆ ಪ್ರವಾದಿಯವರ ಆಕಾಶಾರೋಹಣದ ರಾತ್ರಿಯಲ್ಲಿ ವಿಧಿಸಲ್ಪಟ್ಟಿತೆಂದು ಸಂಪ್ರದಾಯ ಹೇಳುತ್ತದೆ. ಹಿಜ್ರಿ 2ರಲ್ಲಿ (624) ಮದೀನಾದಲ್ಲಿ ನಮಾಝಿನ ದಿಕ್ಕಾದ ಕಿಬ್ಲಾ ಜೆರೂಸಲೆಮಿನಿಂದ ಕಅಬಾದ ಕಡೆಗೆ ತಿರುಗಿತು, ಅದೇ ವರ್ಷ ರಮಝಾನಿನ ಉಪವಾಸ ಕಡ್ಡಾಯವಾಯಿತು. ಹಜ್ ಕಡ್ಡಾಯವಾದ ವರ್ಷದ ಬಗ್ಗೆ ಮಾತ್ರ ಒಮ್ಮತವಿಲ್ಲ. ಆರನೆಯ ವರ್ಷವೆಂದೂ ಒಂಬತ್ತನೆಯದೆಂದೂ ವಿದ್ವಾಂಸರು ವಾದಿಸಿದ್ದಾರೆ. ಪ್ರವಾದಿಯವರ ವಿದಾಯ ಹಜ್ ನಡೆದದ್ದು ಹಿಜ್ರಿ 10ರಲ್ಲಿ (632).

ಅವರ ನಿಧನದ ಬೆನ್ನಿಗೇ ಬಂದ ಬಿಕ್ಕಟ್ಟಿಗೆ ಈ ಪಟ್ಟಿಯ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನವನ್ನು ಪರಿಚಯ ಪುಸ್ತಕಗಳು ಕೊಡುವುದಿಲ್ಲ. ಕೆಲವು ಅರಬ್ ಬುಡಕಟ್ಟುಗಳು ನಮಾಝ್ ಮಾಡುತ್ತೇವೆ, ಮದೀನಾಕ್ಕೆ ಝಕಾತ್ ಮಾತ್ರ ಕೊಡೆವು ಎಂದವು. ಕಲಿಮಾ ಹೇಳಿದವರ ಮೇಲೆ ಯುದ್ಧ ಹೇಗೆ ಎಂದು ಮುಂದೆ ಖಲೀಫರಾದ ಉಮರ್ ಸಂದೇಹ ಎತ್ತಿದರು. ನಮಾಝ್ ಮತ್ತು ಝಕಾತನ್ನು ಬೇರ್ಪಡಿಸುವವರ ವಿರುದ್ಧ ಹೋರಾಡಿಯೇ ತೀರುವೆನೆಂದು ಖಲೀಫ ಅಬೂಬಕರ್ ಪಟ್ಟು ಹಿಡಿದರು. 632–33ರ ಆ ಯುದ್ಧಗಳಲ್ಲಿ ಇತ್ಯರ್ಥವಾದದ್ದು ಕರವಸೂಲಿಯ ಪ್ರಶ್ನೆಯಷ್ಟೇ ಅಲ್ಲ. ಕರ್ಮಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು.

ಪಟ್ಟಿಯ ಮೊದಲ ಅಂಶವಾದ ಕಲಿಮಾದ ಬಗ್ಗೆ ಇತ್ತೀಚಿನ ದಶಕಗಳಲ್ಲಿ ಹೊಸ ಸಾಮಗ್ರಿ ಸಿಕ್ಕಿದೆ, ವಿವಾದವೂ ಹೆಚ್ಚಿದೆ. ಅಲ್ಲಾಹನ ಹೊರತು ಆರಾಧ್ಯರಿಲ್ಲ ಎಂಬ ಭಾಗವೂ ಮುಹಮ್ಮದರು ಅವನ ಸಂದೇಶವಾಹಕರು ಎಂಬ ಭಾಗವೂ ಕುರ್‌ಆನ್‌ನಲ್ಲಿ ಬೇರೆಬೇರೆ ಕಡೆ ಬರುತ್ತವೆ. ಇವೆರಡು ಜೊತೆಗೂಡಿ ಕಲ್ಲಿನ ಮೇಲೆ, ಲೋಹದ ಮೇಲೆ ಕಾಣಿಸಿಕೊಂಡದ್ದು ಯಾವಾಗ? ಸೌದಿ ಅರೇಬಿಯಾದ ಅಲ್ ಉಲಾ ಸಮೀಪದ ಬಂಡೆಯೊಂದರಲ್ಲಿ ಝುಹೈರ್ ಎಂಬವನು ಉಮರ್ ತೀರಿಕೊಂಡ ಹಿಜ್ರಿ 24ನೆಯ ವರ್ಷದಲ್ಲಿ (644) ತಾನಿದನ್ನು ಬರೆದೆನೆಂದು ಕೊರೆದಿದ್ದಾನೆ. ಈಜಿಪ್ಟಿನಲ್ಲಿ ದೊರೆತ, ಹಿಜ್ರಿ 31ರ (652) ಅಬ್ದುರ್ರಹ್ಮಾನ್ ಬಿನ್ ಖೈರ್‌ನ ಗೋರಿಗಲ್ಲು ಬಿಸ್ಮಿಲ್ಲಾದಿಂದ ಆರಂಭಿಸಿ ಸತ್ತವನಿಗೆ ಕ್ಷಮೆ ಕೋರುತ್ತದೆ, ಓದುವವನೂ ಅವನಿಗಾಗಿ ಪ್ರಾರ್ಥಿಸಲಿ ಎನ್ನುತ್ತದೆ. ಎರಡರಲ್ಲೂ ಕಲಿಮಾ ಇಲ್ಲ. ಇರಾನಿನ ಬೀಶಾಪೂರದಲ್ಲಿ ಹಿಜ್ರಿ 66ರಲ್ಲಿ (685–86) ಅಚ್ಚಾದ ಬೆಳ್ಳಿ ನಾಣ್ಯದ ಮೇಲೆ ಪ್ರವಾದಿಯವರ ಹೆಸರು ಸಂದೇಶವಾಹಕ ಎಂಬ ಪದವಿಯೊಡನೆ ಬರುತ್ತದೆ. ಅಸ್ವಾನಿನ ಅಬ್ಬಾಸಾ ಎಂಬ ಹೆಂಗಸಿನ ಗೋರಿಗಲ್ಲಿನಲ್ಲಿ ಎರಡೂ ಭಾಗಗಳ ಸಾಕ್ಷ್ಯವಚನವಿದೆ. ಅದರ ಮೇಲಿನ ವರ್ಷ ಹಿಜ್ರಿ 71 (691). ಕೊರೆದವನು ನೂರು ಎಂಬ ಪದ ಬಿಟ್ಟಿರಬಹುದು, ನಿಜವಾದ ವರ್ಷ 171 ಇದ್ದೀತು ಎಂಬ ಸಂದೇಹವೂ ಇದೆ. ಹಿಜ್ರಿ 72ರ ಜೆರೂಸಲೆಮಿನ ಬಂಡೆಗುಮ್ಮಟದ ಶಾಸನ ಮತ್ತು 77ರಲ್ಲಿ (696–97) ಖಲೀಫ ಅಬ್ದುಲ್ ಮಲಿಕ್ ಹೊರಡಿಸಿದ, ಚಿತ್ರವಿಲ್ಲದ ಚಿನ್ನದ ದೀನಾರಿನ ಬಗ್ಗೆ ಅಂಥ ಅನುಮಾನವಿಲ್ಲ. ಅಲ್ಲಿಂದ ಮುಂದೆ ಕಲಿಮಾ ರಾಜ್ಯದ ಸಾರ್ವಜನಿಕ ಘೋಷಣೆಯೂ ಆಯಿತು.

ಮೊದಲ ಆರೇಳು ದಶಕಗಳ ಈ ಮೌನವನ್ನು ಕೆಲವು ಇತಿಹಾಸಕಾರರು ಪ್ರವಾದಿಯವರಿಗೆ ಆಗಿನ್ನೂ ಕೇಂದ್ರಸ್ಥಾನ ಇರಲಿಲ್ಲವೆಂದು ಅರ್ಥೈಸಿದ್ದಾರೆ. ಆದರೆ ದಾರಿಹೋಕರ ಬಂಡೆಬರಹ ಧರ್ಮದ ಪ್ರಣಾಳಿಕೆಯಲ್ಲ, ಅದರಲ್ಲಿ ಇಲ್ಲದ್ದು ಸಮುದಾಯದಲ್ಲೂ ಇರಲಿಲ್ಲವೆಂದು ಹೇಳಲಾಗದು. ಮೇಲಾಗಿ ಸೆಬಿಯೋಸ್‌ನದೆಂದು ಹೆಸರಾದ, 660ರ ದಶಕದ ಆರ್ಮೇನಿಯನ್ ವೃತ್ತಾಂತವೇ ಮುಹಮ್ಮದರನ್ನು ಬೋಧಕರೆಂದು ಹೆಸರಿಸುತ್ತದೆ. ಹೊರಗಿನವನೊಬ್ಬ ಬರೆದಿಟ್ಟ, ನಮಗೆ ಉಳಿದಿರುವ ಅತಿ ಹಳೆಯ ಇಸ್ಲಾಂ ಪರಿಚಯಗಳಲ್ಲಿ ಅದೂ ಒಂದು. ಸತ್ತ ಪ್ರಾಣಿಯ ಮಾಂಸ ತಿನ್ನಬಾರದು, ಮದ್ಯ ಕುಡಿಯಬಾರದು, ಸುಳ್ಳಾಡಬಾರದು, ವ್ಯಭಿಚಾರ ಮಾಡಬಾರದು ಎಂಬ ನಾಲ್ಕು ನಿಷೇಧಗಳನ್ನು ಅದು ಎತ್ತಿಹೇಳುತ್ತದೆ. ನೆರೆಯ ಕ್ರೈಸ್ತನ ಕಣ್ಣಿಗೆ ಈ ಧರ್ಮದ ಗುರುತಾಗಿ ಕಂಡದ್ದು ಐದು ಸ್ತಂಭಗಳಲ್ಲ, ಈ ನಿಷೇಧಗಳು.

ಐದು ಎಂಬ ಎಣಿಕೆಯ ಮುಖ್ಯ ಆಧಾರ, ಇಸ್ಲಾಮನ್ನು ಐದರ ಮೇಲೆ ಕಟ್ಟಲಾಗಿದೆ ಎಂಬರ್ಥದ, ಅಬ್ದುಲ್ಲಾ ಬಿನ್ ಉಮರ್ (ಇಬ್ನ್ ಉಮರ್) ಹೇಳಿದ ಹದೀಸ್. ಅದರ ಪಾಠಗಳಲ್ಲಿ ಕ್ರಮ ಒಂದೇ ಆಗಿಲ್ಲ. ಬುಖಾರಿ (ನಿಧನ 870) ತಮ್ಮ ಸಂಕಲನದ ಈಮಾನ್ ಭಾಗದಲ್ಲಿ ಕೊಟ್ಟ ಪಾಠದಲ್ಲಿ ಹಜ್ ನಾಲ್ಕನೆಯದು, ಉಪವಾಸ ಕೊನೆಯದು. ಮುಸ್ಲಿಂ (ನಿಧನ 875) ದಾಖಲಿಸಿದ ಪಾಠವೊಂದರಲ್ಲಿ ಕೇಳುಗನೊಬ್ಬ ಹಜ್ ಮತ್ತು ಉಪವಾಸ ಎಂದು ಪುನರುಚ್ಚರಿಸಿದಾಗ ಇಬ್ನ್ ಉಮರ್ ಅಲ್ಲಿಯೇ ತಿದ್ದುತ್ತಾರೆ: ಉಪವಾಸ ಮೊದಲು, ಹಜ್ ಆಮೇಲೆ, ತಾವು ಪ್ರವಾದಿಯವರಿಂದ ಕೇಳಿದ್ದು ಹಾಗೆ. ಅಬ್ದುಲ್ ಕೈಸ್ ಬುಡಕಟ್ಟಿನ ನಿಯೋಗಕ್ಕೆ ಪ್ರವಾದಿಯವರು ನೀಡಿದ ಉತ್ತರದ ಹದೀಸಿನಲ್ಲಿ ಹಜ್ ಇಲ್ಲ, ಯುದ್ಧಸಂಪತ್ತಿನ ಐದನೆಯ ಒಂದು ಪಾಲು ಕೊಡುವ ಮಾತಿದೆ. ಆಗಿನ್ನೂ ಹಜ್ ಕಡ್ಡಾಯವಾಗಿರಲಿಲ್ಲ ಎಂದು ಹಳೆಯ ವ್ಯಾಖ್ಯಾನಕಾರರು ವಿವರಿಸಿದರು. ಆಧುನಿಕ ಸಂಶೋಧಕರಲ್ಲಿ ಹಲವರು, ಎಣಿಕೆ ಸ್ಥಿರವಾಗುವ ಮುನ್ನ ಹಲವು ಪಟ್ಟಿಗಳು ಬಳಕೆಯಲ್ಲಿದ್ದುದರ ಗುರುತನ್ನು ಇಲ್ಲಿ ಕಾಣುತ್ತಾರೆ.

ಆರು ನಂಬಿಕೆಗಳ ಆಧಾರ ಜಿಬ್ರೀಲ್ ಹದೀಸ್. ಅಚ್ಚ ಬಿಳಿಯ ಬಟ್ಟೆ, ಕಡುಕಪ್ಪು ಕೂದಲಿನ ಅಪರಿಚಿತನೊಬ್ಬ ಬರುತ್ತಾನೆ, ಮೈಮೇಲೆ ಪ್ರಯಾಣದ ಸುಳಿವಿಲ್ಲ. ಪ್ರವಾದಿಯವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಇಸ್ಲಾಂ, ಈಮಾನ್, ಇಹ್ಸಾನ್ (ಭಕ್ತಿಯ ಪರಿಪೂರ್ಣತೆ) ಎಂದರೇನೆಂದು ಕೇಳುತ್ತಾನೆ. ಅವನು ಹೋದ ಮೇಲೆ, ಬಂದವರು ಮಲಕ್ ಜಿಬ್ರೀಲ್, ನಿಮಗೆ ಧರ್ಮ ಕಲಿಸಲು ಬಂದಿದ್ದರು ಎಂದು ಪ್ರವಾದಿಯವರು ತಿಳಿಸುತ್ತಾರೆ. ಪ್ರಶ್ನೋತ್ತರದ ಮೂಲಕ ಧರ್ಮ ಕಲಿಸುವ ಪದ್ಧತಿಗೆ ಇದೇ ಮಾದರಿಯಾಯಿತು. ಪರಿಚಯ ಪುಸ್ತಕಗಳು ಈ ಕಥನವನ್ನು ಕೊಡುತ್ತವೆ, ಅದರ ಪೀಠಿಕೆಯನ್ನು ಬಿಡುತ್ತವೆ. ಮುಸ್ಲಿಂ ಕೊಟ್ಟ ಪಾಠ ತೊಡಗುವುದು ಬಸ್ರಾದಲ್ಲಿ. ಎಲ್ಲವೂ ಪೂರ್ವನಿಯತ ಎಂಬುದನ್ನು ಮಅಬದ್ ಅಲ್ ಜುಹನೀ ಅಲ್ಲಗಳೆಯುತ್ತಿದ್ದರು. ಅಲ್ಲಿಂದ ಯಾತ್ರೆಗೆ ಬಂದ ಇಬ್ಬರು ಇಬ್ನ್ ಉಮರ್ ಬಳಿ ಅಭಿಪ್ರಾಯ ಕೇಳುತ್ತಾರೆ, ಅದಕ್ಕೆ ಉತ್ತರವಾಗಿ ಅವರು ಈ ಹದೀಸ್ ಹೇಳುತ್ತಾರೆ. ವಿಧಿಯ ಮೇಲಿನ ನಂಬಿಕೆ ಆರನೆಯದಾಗಿ ನಿಂತಿರುವ ಪಾಠ ಇದು. ಅಬೂ ಹುರೈರಾ ಹೇಳಿದ, ಬುಖಾರಿಯಲ್ಲಿರುವ ಪಾಠದಲ್ಲಿ ವಿಧಿ ಇಲ್ಲ, ಹಜ್ ಕೂಡ ಇಲ್ಲ. ಆರನೆಯ ಅಂಶಕ್ಕೆ ಇಷ್ಟು ಒತ್ತು ಸಿಕ್ಕಿದ್ದರಲ್ಲಿ ಬಸ್ರಾದ ಆ ಚರ್ಚೆಯ ಪಾತ್ರ ದೊಡ್ಡದು.

ಶಿಯಾ ಪರಂಪರೆಯ ಎಣಿಕೆ ಬೇರೆ. ಕುಲೈನಿಯ (ನಿಧನ 941) ‘ಅಲ್ ಕಾಫಿ’ಯಲ್ಲಿ ಇಮಾಮ್ ಮುಹಮ್ಮದ್ ಅಲ್ ಬಾಕಿರ್ ಹೇಳಿದ್ದಾಗಿ ಬರುವ ಐದರಲ್ಲಿ ನಮಾಝ್, ಝಕಾತ್, ಉಪವಾಸ, ಹಜ್‌ಗಳ ಜೊತೆಗೆ ಐದನೆಯದು ವಿಲಾಯತ್, ಅಂದರೆ ಇಮಾಮರ ಮೇಲಿನ ನಿಷ್ಠೆ. ಫಾತಿಮಿಯರ ನ್ಯಾಯಾಧೀಶ ಅಲ್ ನುಅಮಾನ್ (ನಿಧನ 974) ವಿಲಾಯತ್, ಶುದ್ಧಿ, ಜಿಹಾದ್ ಸೇರಿಸಿ ಏಳು ಸ್ತಂಭ ಎಣಿಸಿದರು. ಇಸ್ನಾ ಅಶರಿ ಶಿಯಾಗಳು ಐದು ಮೂಲತತ್ವ, ಹತ್ತು ಕರ್ಮಶಾಖೆಗಳೆಂದು ಕಲಿಸುತ್ತಾರೆ. ಐದು ಸ್ತಂಭವೆಂದರೆ ಎಲ್ಲ ಮುಸ್ಲಿಮರ ಪಟ್ಟಿ ಎಂಬ ಪಠ್ಯಪುಸ್ತಕಗಳ ವಾಕ್ಯಕ್ಕೆ ಇಷ್ಟು ತಿದ್ದುಪಡಿ ಬೇಕು.

ಮುಂದಿನ ಶತಮಾನಗಳ ಅಕೀದಾ (ನಂಬಿಕೆಯ ಸೂತ್ರ) ಗ್ರಂಥಗಳು ಹೊಸಬರಿಗಾಗಿ ಬರೆದವಲ್ಲ, ವಾದ ಇತ್ಯರ್ಥಕ್ಕೆ ಬರೆದವು. ತಹಾವಿ (ನಿಧನ 933), ನಸಫಿ (ನಿಧನ 1142), ಸನೂಸಿ (ನಿಧನ 1490) ಬರೆದ ಸಂಗ್ರಹಗಳು ಪಠ್ಯಗಳಾದವು. ಅಬೂ ಹನೀಫಾರ ಹೆಸರಿನ ‘ಫಿಕ್ಹ್ ಅಕ್ಬರ್’ ಎಂಬ ಒಂದೇ ಶೀರ್ಷಿಕೆಯ ಕೃತಿಗಳು ಒಂದಕ್ಕಿಂತ ಹೆಚ್ಚಿವೆ, ಅವು ಭಿನ್ನ ಕಾಲದವೆಂದು 1932ರಲ್ಲಿ ವಿದ್ವಾಂಸ ವೆನ್ಸಿಂಕ್ ತೋರಿಸಿದರು.

ದಖ್ಖನಿನಲ್ಲಿ ಈ ಪಾಠ ಜನಭಾಷೆಗೆ ಇಳಿಯಿತು. ದಖನಿ ಗದ್ಯದ ಮೊದಲ ಕೃತಿಯೆಂದು ಬಹುಕಾಲ ಹೇಳಲಾದ ‘ಮಿಅರಾಜುಲ್ ಆಶಿಕೀನ್’ ಕಲಬುರಗಿಯ ಬಂದೇ ನವಾಝರದು (ನಿಧನ 1422) ಎಂಬ ನಂಬಿಕೆಯನ್ನು ನಂತರದ ಸಂಶೋಧಕರು ಒಪ್ಪಿಲ್ಲ, ಅದು ಶತಮಾನಗಳಷ್ಟು ಈಚಿನದು. ಹೆಚ್ಚು ಭದ್ರವಾದ ಸಾಕ್ಷ್ಯ ಬಿಜಾಪುರದ ಸೂಫಿ ಪರಂಪರೆಯ ಚಕ್ಕಿನಾಮಾ ಹಾಡುಗಳದು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವನ್ನು ವಿಶ್ಲೇಷಿಸಿದರು. ಹೆಂಗಸರು ಹಿಟ್ಟು ಬೀಸುತ್ತ ಹೇಳುತ್ತಿದ್ದ ಈ ಹಾಡುಗಳಲ್ಲಿ ಬೀಸುಕಲ್ಲಿನ ಹಿಡಿ ಅಲಿಫ್ ಅಕ್ಷರವಾಗಿ ಅಲ್ಲಾಹನನ್ನೂ ನಡುಗೂಟ ಪ್ರವಾದಿಯವರನ್ನೂ ನೆನಪಿಸುತ್ತದೆ. ಉಪಖಂಡದ ಉರ್ದು ಕೈಪಿಡಿಗಳ ಆರು ಕಲಿಮಾಗಳ ಮಾಲೆಯೂ ಉಪಖಂಡದ್ದೇ. ಅವುಗಳ ಪದಪುಂಜಗಳು ಬಹುಪಾಲು ಹದೀಸ್‌ಗಳಲ್ಲಿವೆ, ಆರರ ಎಣಿಕೆ ಮಾತ್ರ ಹಳೆಯ ಅರಬ್ಬಿ ಗ್ರಂಥಗಳಲ್ಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪರಿಚಯ ಗ್ರಂಥವೇ ಒಂದು ಸಾಹಿತ್ಯ ಪ್ರಕಾರವಾಯಿತು. ಮುಫ್ತಿ ಕಿಫಾಯತುಲ್ಲಾಹರ ‘ತಅಲೀಮುಲ್ ಇಸ್ಲಾಂ’ ಪ್ರಶ್ನೋತ್ತರದ ದಾರಿ ಹಿಡಿಯಿತು. ಮೌದೂದಿಯವರ ‘ರಿಸಾಲಾ ದೀನಿಯಾತ್’ (1932) ವಾದಸರಣಿಯ ಮೂಲಕ ಓದುಗನನ್ನು ಒಪ್ಪಿಸಲು ಯತ್ನಿಸಿತು, ಹಲವು ಭಾಷೆಗಳಿಗೆ ಹೋಯಿತು. ಕನ್ನಡದಲ್ಲಿ ಈ ಕೆಲಸ ಮುಖ್ಯವಾಗಿ ಮಂಗಳೂರಿನಲ್ಲಿ ನಡೆದಿದೆ: ಶಾಂತಿ ಪ್ರಕಾಶನದ ಪುಸ್ತಕಗಳು, 1978ರಲ್ಲಿ ಆರಂಭವಾದ ‘ಸನ್ಮಾರ್ಗ’ ವಾರಪತ್ರಿಕೆ. ಜೋರ್ಡಾನಿನಿಂದ ಹೊರಟ ಅಮ್ಮಾನ್ ಸಂದೇಶದ ಮುಂದುವರಿಕೆಯಾಗಿ 2005ರಲ್ಲಿ ಸೇರಿದ ವಿದ್ವಾಂಸರು, ಸುನ್ನಿ, ಶಿಯಾ, ಇಬಾದಿ ಸೇರಿ ಎಂಟು ಪಂಥಗಳವರು ಮುಸ್ಲಿಮರೇ ಎಂದು ಸಾರುವಾಗ ಆ ಪಂಥಗಳೆಲ್ಲ ಒಪ್ಪುವ ಐದು ಸ್ತಂಭಗಳನ್ನೂ ಆಧಾರವಾಗಿಟ್ಟರು.

ಕೈಪಿಡಿ ಹಿಡಿದು ಕರ್ನಾಟಕದಲ್ಲಿ ನಮಾಝ್ ಕಲಿಯುವವರಿಗೆ ಎದುರಾಗುವ ವ್ಯತ್ಯಾಸ ಎಣಿಕೆಯದಲ್ಲ, ಧರ್ಮಶಾಸ್ತ್ರ ಪಂಥವಾದ ಮದ್‌ಹಬ್‌ನದು. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಶಾಫಿಈಗಳು, ಪೊನ್ನಾನಿಯ ಝೈನುದ್ದೀನ್ ಮಖ್ದೂಮರ 16ನೆಯ ಶತಮಾನದ ‘ಫತ್‌ಹುಲ್ ಮುಈನ್’ ಕರಾವಳಿಯ ಮಸೀದಿ ಪಾಠಶಾಲೆಗಳಾದ ದರ್ಸ್‌ಗಳ ಪಠ್ಯ. ಘಟ್ಟದ ಮೇಲಿನ ಬಹುಪಾಲು ಮುಸ್ಲಿಮರು ಹನಫಿಗಳು. ವಸ್ತುವಿನ ನೆರಳು ಅದರಷ್ಟೇ ಉದ್ದಕ್ಕೆ ಬೆಳೆದಾಗ ಶಾಫಿಈಗಳಿಗೆ ಅಸರ್ ಹೊತ್ತಾಯಿತು, ಎರಡರಷ್ಟಾದಾಗ ಹನಫಿಗಳಿಗೆ. ನಡುವಿನ ಅಂತರ ಸುಮಾರು ಒಂದು ಗಂಟೆ. ಮುಂಜಾನೆಯ ನಮಾಝಿನಲ್ಲಿ ಶಾಫಿಈಗಳು ಕುನೂತ್ ಪ್ರಾರ್ಥನೆ ಓದುತ್ತಾರೆ, ಹನಫಿಗಳು ಅದನ್ನು ರಾತ್ರಿಯ ವಿತ್ರ್ ನಮಾಝಿಗೆ ಇಟ್ಟುಕೊಂಡಿದ್ದಾರೆ.