ಪಿ.ಟಿ. ಮೇಷ್ಟ್ರ ಕೋಲು

ಸ್ವಲ್ಪ ಉದ್ದ ಆಗುತ್ತೆ, ಓದಿ.

ಹೋದ ಭಾನುವಾರ ಬಿನ್ನಿಪೇಟೆಯ ನಮ್ಮ ಮನೆಯಲ್ಲಿ ಬಿ.ಎಡ್. ಓದುತ್ತಿರುವ ಆರು ಜನ ಹುಡುಗ ಹುಡುಗಿಯರು ಕೂತಿದ್ದರು. ಎಲ್ಲರೂ ಬಿನ್ನಿ ಮಿಲ್ಲಲ್ಲಿ ದುಡಿದವರ ಮೊಮ್ಮಕ್ಕಳು. ಅವರವರ ಮನೆಯ ಮೊದಲ ಮೇಷ್ಟ್ರು, ಮೊದಲ ಟೀಚರ್ ಇವರೇ. ಎ. ರೇವತಿಯವರ 'ಬದುಕು ಬಯಲು' ಓದ್ಕೊಂಡು ಬನ್ನಿ ಅಂದಿದ್ದೆ. ರೇವತಿ ತಮಿಳಿನಲ್ಲಿ ಬರೆದ ಈ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕನ್ನಡಕ್ಕೆ ತಂದವರು ನಮ್ಮ ದು. ಸರಸ್ವತಿ. ಹೆಗ್ಗೋಡಿನ ಜನಮನದಾಟ ತಂಡ ನಾಟಕವನ್ನೂ ಮಾಡಿತು.

ದೊಡ್ಡವರ ಪುಸ್ತಕ ಅಂತಾರೆ ಇದನ್ನ. ಆದರೆ ಶುರುವಿನಲ್ಲಿ ಇರೋದು ಒಂದು ಶಾಲೆ ಮಗು. ಗಂಡುಮಕ್ಕಳ ಆಟ ಆಡಲಿಲ್ಲ ಅಂತ ಪಿ.ಟಿ. ಮೇಷ್ಟ್ರು ಹೊಡೀತಾರೆ, ನೀನು ಗಂಡೋ ಹೆಣ್ಣೋ ಅಂತ ಎಲ್ಲರೆದುರು ಮಾನ ಕಳೀತಾರೆ.

ಒಬ್ಬ ಹುಡುಗ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅಣ್ಣಾ, ಪ್ರಾಕ್ಟೀಸ್ ಟೀಚಿಂಗಲ್ಲಿ ಏಳನೇ ಕ್ಲಾಸಿನ ಒಬ್ಬನ ನಡಿಗೆ ನೋಡಿ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ" ಅಂದ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನಮಗೆ ಬಾಯಿಪಾಠ. ಕೂರಲು ಬೇರೆ ಗೋಣಿಬಟ್ಟೆ, ಸಂಜೆ ಅದನ್ನ ಮನೆಗೆ ಹೊತ್ತೊಯ್ಯಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಆ ತರಗತಿಯಲ್ಲೂ ಒಬ್ಬ ಮೇಷ್ಟ್ರು ಇದ್ದರು ತಾನೆ? ಹಾಗಂತ ಎರಡೂ ಒಂದೇ ಅನ್ನೋ ಅಗ್ಗದ ಹೋಲಿಕೆ ನನ್ನದಲ್ಲ. ಭೀಮನಿಗೆ ಗೋಣಿಬಟ್ಟೆ ಹೊತ್ತು ಬರಲು ತನ್ನದೇ ಅನ್ನೋ ಮನೆ ಇತ್ತು. ರೇವತಿಗೆ ಮನೆಯಲ್ಲೂ ಅಣ್ಣಂದಿರ ಹೊಡೆತ. ಅಂಥ ಮಗುವಿಗೆ ಉಳಿಯೋದು ಮೇಷ್ಟ್ರು ಒಬ್ಬರೇ. ಅವರೂ ನಕ್ಕರೆ?

ಇದನ್ನ ಬಿ.ಎಡ್.ನಲ್ಲೇ ಕಲಿಸಬಹುದಿತ್ತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ತೀರ್ಪು ಕೊಟ್ಟಾಗಿತ್ತು. ಟ್ರಾನ್ಸ್‌ಜೆಂಡರ್ ಮಕ್ಕಳನ್ನ ಶಾಲೆಯೊಳಗೆ ಒಳಗೊಳ್ಳೋದು ಹೇಗೆ ಅಂತ ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರ ತರಬೇತಿಗೊಂದು ಕೈಪಿಡಿ ತಂತು. ದೂರು ಹೋಯಿತು, ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಪತ್ರ ಬರೀತು, ಕೈಪಿಡಿ ವೆಬ್‌ಸೈಟಿಂದ ಮಾಯ. ತಮಾಷೆ ನೋಡಿ, ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ 1% ಮೀಸಲಾತಿ ಕೊಟ್ಟಿತು. 2022ರ ಪ್ರಾಥಮಿಕ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಆ ಸಮುದಾಯದ ಮೂವರಿದ್ದರು. ಅವರು ಹೋಗಿ ಕೂರೋ ಸ್ಟಾಫ್ ರೂಮಿಗೆ ಮಾತ್ರ ಪಾಠ ಇಲ್ಲ.

ಆ ಹುಡುಗ ಪುಸ್ತಕ ವಾಪಸ್ ಕೊಟ್ಟಿಲ್ಲ. ಅದೇ ಶಾಲೆಯಲ್ಲಿ ಇನ್ನೂ ಎರಡು ವಾರ ಪಾಠ ಮಾಡೋದಿದೆಯಂತೆ. ಮುಂದಿನ ಭಾನುವಾರ ವಸುಧೇಂದ್ರರ 'ಮೋಹನಸ್ವಾಮಿ' ಓದ್ತೀವಿ. ಇರೋದು ಒಂದೇ ಪ್ರತಿ, ನಿಮ್ಮ ಹತ್ರ ಇದ್ರೆ ತಂದುಕೊಡಿ.